ಡ್ರಮ್ಮಿನಲ್ಲಿ ಉಳಿದ ಎರಡು ಪುಟ

“ಕರೆಂಟ್ ಹೋಗಿ ಎಲ್ಲ ಅಳಿಸಿಹೋಯ್ತು ಅಂತ ನಿನಗೆ ಹೇಳಿದ ಮಹಾಶಯ ಯಾರು?”

ಕೇಳಿದವರು ಡ್ರಮ್ ಮಾವ. ಹದಿನಾಲ್ಕು ವರ್ಷದಿಂದ ಈ ಗಣಕ ಕೇಂದ್ರದ, ಅಂಕಿಗಳನ್ನು ಕೂಡಿಡುವ ಅಯಸ್ಕಾಂತದ ಡ್ರಮ್ಮಿಗೆ ಎಣ್ಣೆ ಹಾಕಿ, ಒರೆಸಿ, ಮುನಿಸಿಕೊಂಡಾಗ ಬೈದು ನಡೆಸಿಕೊಂಡು ಬಂದ ಮೆಕ್ಯಾನಿಕ್. ಕೇಂದ್ರದಲ್ಲಿ ಎಲ್ಲರಿಗೂ ಮಾವನೇ. ಪ್ರಶ್ನೆ ಪತ್ತೇದಾರನಿಗೆ, ಕಣ್ಣು ಮಾತ್ರ ಕಬ್ಬಿಣದ ಗೂಡಿನೊಳಗೆ ಗುಂಯ್‌ಗುಡುತ್ತ ತಿರುಗುತ್ತಿದ್ದ ಡ್ರಮ್ಮಿನ ಮೇಲೆ.

“ಎಲ್ಲರೂ ಹೇಳಿದ್ರು ಮಾವ. ನಿರ್ದೇಶಕರು, ಪೊಲೀಸಿನವರು, ಗೇಟಿನ ಕಾವಲುಗಾರ. ಅಕ್ಕ ಬಿದ್ದ ಗಾಬರಿಯಲ್ಲಿ ಯಾರೋ ಮೇನ್ ಸ್ವಿಚ್ ಆರಿಸಿದ್ರಂತೆ.”

“ಆರಿಸಿದ್ದು ನಿಜ. ಅಳಿಸಿಹೋದದ್ದು ಅದರಿಂದಲ್ಲ.”

ಮಾವ ಜೇಬಿನಿಂದ ಅಂಗೈ ಅಗಲದ ಒಂದು ಚೌಕಟ್ಟು ತೆಗೆದರು. ಅದರ ತುಂಬ ಕೂದಲೆಳೆಯಂಥ ತಂತಿ, ತಂತಿ ಕೂಡುವಲ್ಲೆಲ್ಲ ಸಾಸಿವೆ ಕಾಳಿನಷ್ಟು ಕರಿ ಉಂಗುರ.

“ಇದು ಯಂತ್ರದ ನೆನಪು. ಒಂದೊಂದು ಉಂಗುರವೂ ಒಂದೊಂದು ಅಯಸ್ಕಾಂತ. ಊರಿಗೆ ಊರೇ ಕತ್ತಲಾದ್ರೂ ಇದು ತನ್ನ ಮಾತು ಮರೆಯಲ್ಲ. ಆವತ್ತು ಆರು ಗಂಟೆಗೆ ನಾನೇ ಯಂತ್ರ ಮತ್ತೆ ಹಚ್ಚಿದೆ. ನೋಡಿದ್ರೆ ಎಲ್ಲ ಉಂಗುರದಲ್ಲೂ ಸೊನ್ನೆ! ಕಂಟ್ರೋಲ್ ಮೇಜಿನ ಮೇಲಿರೋ, ಎಲ್ಲ ಸೊನ್ನೆ ಮಾಡೋ ಕೆಂಪು ಗುಂಡಿಯನ್ನ ಯಾರೋ ಬೇಕಂತಲೇ ಒತ್ತಿದ್ದಾರೆ. ಆಮೇಲೆ ಸ್ವಿಚ್ ಆರಿಸಿದ್ದಾರೆ.”

ಪತ್ತೇದಾರ ಆ ಚೌಕಟ್ಟನ್ನು ಕೈಗೆ ತೆಗೆದುಕೊಂಡ.

ಅಕ್ಕ ಈ ಕಟ್ಟಡದ ಹಿಂಬದಿಯ ಕಬ್ಬಿಣದ ಮೆಟ್ಟಿಲಿನಿಂದ ಬಿದ್ದು ಸತ್ತು ಒಂಬತ್ತು ದಿನವಾಗಿತ್ತು. ಸ್ಪರ್ಧೆಯಲ್ಲಿ ಸೋತ ಸಂಕಟಕ್ಕೆ ತಾನೇ ಹಾರಿದಳು ಎಂದು ಬರೆದು ಎಲ್ಲರೂ ಕೈ ತೊಳೆದುಕೊಂಡಿದ್ದರು.

ಈಗ ಗಂಟೆ ಮೂರೂವರೆ. ಐದಕ್ಕೆ ಸರಿಯಾಗಿ ಡ್ರಮ್ ನಿಲ್ಲಿಸಿ, ಬೋಲ್ಟ್ ಬಿಚ್ಚಿ, ಲಾರಿಗೆ ಹಾಕಬೇಕೆಂದು ಕೇಂದ್ರ ನಡೆಸುವ ಸಮಿತಿಯ ಆದೇಶ. ಅಷ್ಟರೊಳಗೆ ಏನಾದರೂ ಸಿಕ್ಕರೆ ಸಿಕ್ಕಿತು. ಇಲ್ಲದಿದ್ದರೆ ಅಕ್ಕ ಹಾರಿದವಳಾಗಿಯೇ ಉಳಿಯುತ್ತಾಳೆ.

ಅವನು ವೃತ್ತಿಯಿಂದ ವಿಮೆ ಕಂಪನಿಗಳ ಪತ್ತೇದಾರ. ಸುಟ್ಟ ಗೋದಾಮು, ಮುಳುಗಿದ ದೋಣಿ, ಕಳೆದುಹೋದ ಸರಕಿನ ಸುಳ್ಳುಗಳನ್ನು ಹೆಕ್ಕಿ ತೆಗೆಯುವುದರಲ್ಲಿ ಪಳಗಿದವನು. ಬೇರೆಯವರ ದುಃಖದಲ್ಲಿ ಮೂಗು ತೂರಿಸುವುದು ಅವನಿಗೆ ಕಷ್ಟವೆನಿಸಿದ್ದೇ ಇಲ್ಲ. ತನ್ನ ದುಃಖದೊಳಗೆ ಇಳಿಯುವುದು ಹಾಗಿರಲಿಲ್ಲ.

ಕೋಟಿನ ಒಳಜೇಬಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಒಂದು ಚೀಟಿ ಇತ್ತು. ಅಕ್ಕ ಬಿದ್ದ ದಿನ ಕೇಂದ್ರದ ಅವಳ ಕೋಣೆಯಿಂದ ಅವನ ಆಫೀಸಿಗೆ ಕರೆ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಅವಧಿ ನಾಲ್ಕು ನಿಮಿಷ. ಆ ಹೊತ್ತಿಗೆ ಅವನು ಊರಾಚೆಯ ಗೋದಾಮಿನ ಬೂದಿ ಕೆದಕುತ್ತಿದ್ದ. ಆಫೀಸಿಗೆ ಬೀಗ. ಒಂದು ಕೀಲಿ ಅವನ ಜೇಬಿನಲ್ಲಿ. ಕೀಲಿ ಕಳೆಯುವುದರಲ್ಲಿ ಅವನು ಎತ್ತಿದ ಕೈಯಾದ್ದರಿಂದ, ಇನ್ನೊಂದನ್ನು ಅಕ್ಕ ಕಿತ್ತುಕೊಂಡು ತಾನೂ ಭಾವನೂ ಇದ್ದ ಮನೆಯ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಳು.

ನಾಲ್ಕು ನಿಮಿಷ! ಖಾಲಿ ಕೋಣೆಯಲ್ಲಿ ನಾಲ್ಕು ನಿಮಿಷ ಗಂಟೆ ಬಾರಿಸಿಕೊಂಡು ಕೂತಿದ್ದಾಳೆ, ತಮ್ಮ ಎತ್ತುತ್ತಾನೆ ಎಂದು. ಒಂಬತ್ತು ರಾತ್ರಿಯಿಂದ ಅದೇ ಗಂಟೆ ಅವನ ಕಿವಿಯೊಳಗೆ ಬಾರಿಸುತ್ತಿತ್ತು.

“ಮಾವ, ಅಕ್ಕ ಆವತ್ತು ಮಧ್ಯಾಹ್ನ ನನಗೆ ಪತ್ರ ಬರೀತಿದ್ಲು ಅಂದ್ರಲ್ಲ ನೀವು. ಅದೂ ಸೊನ್ನೆಯಾಯ್ತಾ?”

“ಅದಕ್ಕೇ ಕರೆಸಿದ್ದು ನಿನ್ನ. ಬಾ ಇಲ್ಲಿ.”

ಮಾವ ಮೇಜಿನ ಮೇಲೆ ಮುದ್ರಣಯಂತ್ರದ ಅಗಲ ಕಾಗದ ಹರವಿದರು. ಕಾಗದದ ತುಂಬ ಬರೀ ಅಂಕಿ. ಪ್ರತಿ ಅಂಕಿಯ ಕೆಳಗೂ ಪೆನ್ಸಿಲಿನಲ್ಲಿ ಒಂದೊಂದು ಅಕ್ಷರ. ಮೂರು ದಿನ ಕೂತು ಒಂದೊಂದಾಗಿ ಬಿಡಿಸಿದ್ದರು. ಬೆರಳ ತುದಿ ಕಪ್ಪಗಾಗಿತ್ತು.

“ನಿಮ್ಮಕ್ಕ ಏನು ಕಟ್ಟಿದ್ಲು ಅಂತ ಗೊತ್ತು ತಾನೆ ನಿನಗೆ?”

ಗೊತ್ತಿತ್ತು. ಅವಳು ಅವನಿಗೆ ಹೇಳಿದ್ದು ಯಂತ್ರದ ಭಾಷೆಯಲ್ಲಲ್ಲ, ಮೇಜಿನ ಭಾಷೆಯಲ್ಲಿ.

ಅಪ್ಪ ಅಮ್ಮ ಹೋದಮೇಲೆ ಅಕ್ಕ ತಮ್ಮ ಇಬ್ಬರೇ ಒಂದು ಕೋಣೆಯಲ್ಲಿ ಬೆಳೆದರು. ಅಲ್ಲಿ ಇದ್ದದ್ದು ಒಂದು ಮೊಳದ ಮೇಜು, ಒಂದು ಮಂಚ. ಊಟಕ್ಕೂ ಅದೇ ಮೇಜು, ಪಾಠಕ್ಕೂ ಅದೇ, ಅಕ್ಕನ ಹೊಲಿಗೆಗೂ ಅದೇ. ಯಾವುದು ಬೇಕೋ ಅದು ಮೇಜಿನ ಮೇಲೆ. ಯಾವುದನ್ನು ಮುಟ್ಟಿ ಬಹಳ ಹೊತ್ತಾಯಿತೋ ಅದು ಮಂಚದ ಕೆಳಗೆ. ತಮ್ಮ ಕೈ ಚಾಚಿದರೆ ಸಾಕು, ಬೇಕಾದ ಪುಸ್ತಕ ಅಲ್ಲಿರುತ್ತಿತ್ತು. ಯಾವಾಗ ಬಗ್ಗಿದಳು, ಯಾವಾಗ ತೆಗೆದಳು, ಅವನಿಗೆ ಕಂಡದ್ದೇ ಇಲ್ಲ.

“ನಮ್ಮ ಮೇಜು ಚಿಕ್ಕದು ಅಂತ ನಿನಗೆ ಯಾವತ್ತಾದ್ರೂ ಅನ್ನಿಸಿತ್ತೇನೋ?” ಎಂದು ಕೇಳಿದ್ದಳು ಒಮ್ಮೆ, ದೊಡ್ಡವರಾದಮೇಲೆ.

“ಇಲ್ಲವಲ್ಲ.”

“ಅಷ್ಟೇ ಕಣೋ ನನ್ನ ಕೆಲಸ. ಉಂಗುರದ ನೆನಪು ಮೇಜು, ಡ್ರಮ್ಮು ಮಂಚದ ಕೆಳಗಿನ ಜಾಗ. ಲೆಕ್ಕ ಮಾಡೋರಿಗೆ ಇಡೀ ಕೋಣೆಯೇ ಮೇಜು ಅನ್ನಿಸಬೇಕು. ಬಗ್ಗೋದು ಯಂತ್ರದ ಪಾಡು.”

ದೂರದ ಒಂದು ವಿಶ್ವವಿದ್ಯಾಲಯದವರು ಮೊದಲು ಈ ಉಪಾಯ ಮಾಡಿದ್ದನ್ನು ಅವಳು ಯಾವುದೋ ಪತ್ರಿಕೆಯಲ್ಲಿ ಓದಿದ್ದಳು. ಅದುವರೆಗೆ ಲೆಕ್ಕ ದೊಡ್ಡದಾಗಿ ನೆನಪು ಸಾಲದಾದರೆ, ಲೆಕ್ಕ ಬರೆದವರೇ ಅದನ್ನು ತುಂಡು ಮಾಡಿ, ಯಾವ ತುಂಡಿನ ಜಾಗದಲ್ಲಿ ಯಾವ ತುಂಡು ಬಂದು ಕೂರಬೇಕೆಂದು ವಾರಗಟ್ಟಲೆ ತಲೆ ಚಚ್ಚಿಕೊಳ್ಳಬೇಕಿತ್ತು. ಹೊಸ ಪದ್ಧತಿಯಲ್ಲಿ ನೆನಪನ್ನು ಸಮನಾದ ಪುಟಗಳಾಗಿ ಕತ್ತರಿಸಿ, ತರುವುದು ಕಳಿಸುವುದು ಎರಡನ್ನೂ ಯಂತ್ರಕ್ಕೇ ಬಿಟ್ಟರು. ಅಕ್ಕ ಏಳು ವರ್ಷ ಮೈ ಮುರಿದು ದುಡಿದು ಅದನ್ನು ಇಲ್ಲಿ ನಡೆಯುವ ಹಾಗೆ ಮಾಡಿದಳು. ಅದು ಸರಿಯಿದೆಯೋ ಇಲ್ಲವೋ ನೋಡಲು ಬಟ್ಟೆ ಒಗೆಯುವವನ ಪಟ್ಟಿಯಿಂದ ಹಿಡಿದು ತಮ್ಮನ ಪತ್ರದವರೆಗೆ ಎಲ್ಲವನ್ನೂ ಯಂತ್ರದಲ್ಲೇ ಬರೆಯುತ್ತಿದ್ದಳು.

“ಅವಳ ಪದ್ಧತಿಯಲ್ಲಿ ಒಂದು ಪುಟ ಒಂದೇ ಕಡೆ ಇರುತ್ತೆ,” ಎಂದರು ಮಾವ. “ಮೇಲೆ ಉಂಗುರದಲ್ಲಿದ್ರೆ ಡ್ರಮ್ಮಲ್ಲಿಲ್ಲ, ಡ್ರಮ್ಮಲ್ಲಿದ್ರೆ ಮೇಲಿಲ್ಲ. ಪತ್ರ ಮೂರು ಪುಟ. ಗುಂಡಿ ಒತ್ತಿದಾಗ ಮೂರನೇದು ಮೇಲಿತ್ತು, ಹೋಯ್ತು. ಮೊದಲೆರಡು ಡ್ರಮ್ಮಿಗೆ ಬಂದುಬಿಟ್ಟಿದ್ವು. ಉಳಿದುಕೊಂಡ್ವು.”

ಪತ್ತೇದಾರ ಕಾಗದದ ಮೇಲೆ ಬಗ್ಗಿದ.

*ತಮ್ಮಾ, ಊಟ ಮಾಡಿದೆಯೋ ಇಲ್ಲವೋ? ಮಾಡಿರುವುದಿಲ್ಲ ಬಿಡು.*

ಮುಂದಿನ ಸಾಲು ಓದಲು ಕಣ್ಣು ಒರೆಸಿಕೊಳ್ಳಬೇಕಾಯಿತು. ಮಾವ ಡ್ರಮ್ಮಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದರು.

*ಒಂದು ತಪ್ಪು ಮಾಡಿದ್ದೇನೆ. ಬೈಯಬೇಡ. ಸ್ಪರ್ಧೆಯ ದಿನ ನಾನು ಸೋತದ್ದಲ್ಲ, ಸೋಲಿಸಿಕೊಂಡದ್ದು. ನನ್ನ ಪದ್ಧತಿಗೆ ನಲವತ್ತೆಂಟು ಪುಟದ ಜಾಗ ಬೇಕು. ಹನ್ನೆರಡು ಎಂದು ನನ್ನ ಕೈಯಾರೆ ಬರೆದೆ. ಜಾಗ ಸಾಲದೆ ಯಂತ್ರ ಪುಟ ತರುವುದು, ಕಳಿಸುವುದು, ಕಳಿಸಿದ್ದನ್ನೇ ಮತ್ತೆ ತರುವುದು, ಇದರಲ್ಲೇ ದಿನ ಕಳೆಯಿತು. ಲೆಕ್ಕ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ.*

ಪತ್ತೇದಾರ ತಲೆ ಎತ್ತಿದ. ಮೂರು ತಿಂಗಳ ಹಿಂದಿನ ಆ ಸ್ಪರ್ಧೆಗೆ ಅವನೂ ಬಂದಿದ್ದ. ಸೇತುವೆಯ ಒಂದು ದೊಡ್ಡ ಲೆಕ್ಕ. ಅಕ್ಕನ ಗುರುಗಳಾದ ಮೇಷ್ಟ್ರು ಅದನ್ನು ಕೈಯಿಂದ ತುಂಡು ಮಾಡಿ ತಂದಿದ್ದರು. ನಲವತ್ತು ನಿಮಿಷದಲ್ಲಿ ಉತ್ತರ ಬಂತು. ಅಕ್ಕನ ಪದ್ಧತಿ ಐದು ಗಂಟೆ ಒದ್ದಾಡಿತು, ಡ್ರಮ್ಮು ಕಿರುಚಾಡಿತು, ಸಮಿತಿಯವರು ವಾಚು ನೋಡಿಕೊಂಡರು. ಅಕ್ಕ ನಗುತ್ತ ಹೋಗಿ ಮೇಷ್ಟ್ರ ಕೈ ಕುಲುಕಿದ್ದಳು. ಎಷ್ಟು ಗಟ್ಟಿ ಹೆಣ್ಣು ಎಂದುಕೊಂಡಿದ್ದ ಅವನು.

*ಮೇಷ್ಟ್ರು ಆರು ವಾರ ಮನೆಗೆ ಹೋಗದೆ ಬಣ್ಣದ ಪೆನ್ಸಿಲ್ ಹಿಡಿದು ಕೂತಿದ್ದರು. ಅವರ ಕೈ ನಡುಗುತ್ತದೆ ಈಗ, ಗೊತ್ತಾ? ಮುಂದಿನ ವರ್ಷ ನಿವೃತ್ತಿ. ಒಂದು ಸಲ ಗೆದ್ದು ಹೋಗಲಿ, ಆಮೇಲೆ ಸರಿ ಮಾಡಿಕೊಂಡರಾಯಿತು ಎಂದುಕೊಂಡೆ. ಸಮಿತಿಯವರು ಪದ್ಧತಿಯನ್ನೇ ಕಿತ್ತುಹಾಕಿ ಎನ್ನುತ್ತಾರೆಂದು ನನಗೇನು ಗೊತ್ತಿತ್ತು? ಹನ್ನೆರಡನ್ನು ಇನ್ನೂ ತಿದ್ದಿಲ್ಲ, ಸಾಕ್ಷಿಗೆ ಬೇಕು. ನಾಳೆ ಹೋಗಿ ನಿಜ ಹೇಳುತ್ತೇನೆ. ಮೇಷ್ಟ್ರ ಮುಖ ಹೇಗೆ ನೋಡಲಿ, ಅದೊಂದೇ ಸಂಕಟ.*

ಎರಡನೆಯ ಪುಟದ ಕೊನೆಯ ಸಾಲುಗಳು ಹೀಗಿದ್ದವು:

*ಇನ್ನೊಂದು ವಿಷಯ. ಡ್ರಮ್ ಬಿಚ್ಚುವ ಆದೇಶ ಟೈಪಾದದ್ದು ಸ್ಪರ್ಧೆಗೆ ಒಂದು ವಾರ ಮೊದಲು. ತಾರೀಖು ನಾನೇ ನೋಡಿದೆ. ನಾನು ಸೋಲುತ್ತೇನೆಂದು ಯಾರಿಗೋ ಮೊದಲೇ ಗೊತ್ತಿತ್ತು. ಹನ್ನೆರಡರ ಮಾತನ್ನು ನಾನು ಯಾರ ಹತ್ತಿರವೂ ಆಡಿಲ್ಲ. ಮನೆಯಲ್ಲಿ ಒಂದು ಚೂರು ಕಾಗದದ ಮೇಲೆ ಲೆಕ್ಕ ಹಾಕಿದ್ದೆ, ಅಷ್ಟೇ. ಈ ವಿಷಯ ಮಾತಾಡಲು ನಿನಗೆ*

ಅಲ್ಲಿಗೆ ಪುಟ ಮುಗಿದಿತ್ತು.

ಹಾಗಾದರೆ ಸೋತ ದುಃಖಕ್ಕೆ ಹಾರಿದಳು ಎಂಬ ಮಾತು ಬುಡಸಮೇತ ಸುಳ್ಳು. ನಾಳೆ ಹೋಗಿ ನಿಜ ಹೇಳುತ್ತೇನೆ ಎಂದು ಬರೆದವಳು ಇವತ್ತು ಸಾಯುತ್ತಾಳೆಯೇ? ಅಳು ಬರುತ್ತಿತ್ತು, ಅದರ ಹಿಂದೆಯೇ ಸಿಟ್ಟೂ ಬರುತ್ತಿತ್ತು.

“ಮಾವ, ಇಷ್ಟು ಚಿಕ್ಕ ಪತ್ರ. ಡ್ರಮ್ಮಿಗೆ ಯಾಕೆ ಬಂತು ಅದು?”

“ಅದೇ ಹನ್ನೆರಡು! ಜಾಗ ಇರಲಿಲ್ಲ. ಪತ್ರ ತೋರಿಸೋ ಪ್ರೋಗ್ರಾಮಿಗೇ ಹನ್ನೊಂದು ಪುಟ ಬೇಕು. ಉಳಿದದ್ದು ಒಂದು. ಎರಡನೇದು ಓದೋಕೆ ಹೋದ್ರೆ ಮೊದಲನೇದು ಕೆಳಗೆ, ಮೂರನೇದಕ್ಕೆ ಹೋದ್ರೆ ಎರಡನೇದು ಕೆಳಗೆ.” ಮಾವನ ಧ್ವನಿ ಒಡೆಯಿತು. “ಅವಳನ್ನ ಸೋಲಿಸಿದ ಅಂಕಿಯೇ ಅವಳ ಮಾತನ್ನ ಉಳಿಸ್ತು ನೋಡು.”

“ಓದೋಕೆ ಅಂದ್ರಲ್ಲ. ಬರೆಯುವಾಗ ಅಲ್ವಾ?”

ಮಾವ ಇನ್ನೊಂದು ಹಾಳೆ ಮುಂದೆ ತಳ್ಳಿದರು. ಯಾವ ಪುಟವನ್ನು ಕೊನೆಗೆ ಎಷ್ಟು ಗಂಟೆಗೆ ಮುಟ್ಟಿದ್ದು ಎಂದು ಯಂತ್ರ ಬರೆದಿಟ್ಟುಕೊಳ್ಳುವ ಪಟ್ಟಿ. ಯಾವುದನ್ನು ಕೆಳಗೆ ಕಳಿಸಬೇಕೆಂದು ಅದನ್ನು ನೋಡಿಯೇ ತೀರ್ಮಾನ. ಎರಡೆರಡು ನಿಮಿಷಕ್ಕೊಮ್ಮೆ ಆ ಪಟ್ಟಿಯೂ ಡ್ರಮ್ಮಿಗೆ ಬಂದು ಕೂರುತ್ತಿತ್ತು.

ಮೊದಲ ಪುಟ: ನಾಲ್ಕು ನಲವತ್ತನಾಲ್ಕು. ಎರಡನೆಯದು: ನಾಲ್ಕು ನಲವತ್ತೆಂಟು.

ಅಕ್ಕ ಬಿದ್ದದ್ದು ನಾಲ್ಕೂವರೆಗೆ. ಗೇಟಿನ ಪುಸ್ತಕದಲ್ಲಿ ಹಾಗೆ ಬರೆದಿತ್ತು.

ಕೆಳಗೆ ಅವಳು ಬಿದ್ದಿದ್ದಾಗ, ಮೇಲೆ ಅವಳ ಕುರ್ಚಿಯಲ್ಲಿ ಕೂತು ಯಾರೋ ನಿಧಾನವಾಗಿ, ಪುಟಕ್ಕೆ ನಾಲ್ಕು ನಿಮಿಷದಂತೆ, ಅವಳ ಪತ್ರ ಓದಿದ್ದರು!

“ಓದಿ, ಗುಂಡಿ ಒತ್ತಿ, ಎಲ್ಲ ಹೋಯ್ತು ಅಂದುಕೊಂಡು ಎದ್ದು ಹೋದ್ರು,” ಎಂದ ಪತ್ತೇದಾರ ಮೆಲ್ಲಗೆ. “ಮಾವ, ಇಲ್ಲಿ ಕೆಲಸ ಮಾಡೋ ಯಾರಿಗಾದ್ರೂ ಡ್ರಮ್ಮಲ್ಲಿ ಉಳಿಯುತ್ತೆ ಅಂತ ಗೊತ್ತಿರಲ್ವಾ?”

“ಗುಡಿಸೋ ಹೆಂಗಸಿಗೂ ಗೊತ್ತು.”

“ಹಾಗಾದ್ರೆ ಗೊತ್ತಿಲ್ಲದವರು ಯಾರು?”

ಮಾವ ಚಿಂದಿ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. “ಅವರ ಹೆಸರನ್ನ ನನ್ನ ಬಾಯಲ್ಲಿ ಹೇಳಿಸಬೇಡ ಮಗಾ. ನಿಮ್ಮಕ್ಕನಿಗೂ ನನಗೂ ಈ ಯಂತ್ರದ ಅ ಆ ಇ ಈ ಕಲಿಸಿದವರು.”

ಪತ್ತೇದಾರನಿಗೆ ಹೆಸರು ಬೇಕಿರಲಿಲ್ಲ. ಕಾಗದಗಳನ್ನು ಎತ್ತಿಕೊಂಡು ಹೊರಟ.

ಮೊಗಸಾಲೆಯ ತುದಿಯಲ್ಲಿ ಮೇಷ್ಟ್ರ ಕೋಣೆ. ಬಾಗಿಲು ಅರ್ಧ ತೆರೆದಿತ್ತು. ಗೋಡೆಯ ತುಂಬ ಸೇತುವೆ ಲೆಕ್ಕದ ನಕ್ಷೆ, ಕೆಂಪು ನೀಲಿ ಹಸಿರು ಪಟ್ಟಿಗಳಲ್ಲಿ. ಎಲ್ಲಿ ಯಾವ ತುಂಡು ಬರಬೇಕು, ಯಾವುದು ಯಾವುದರ ಜಾಗ ಬಿಡಿಸಬೇಕು, ಒಂದು ಕೂದಲೆಳೆಯೂ ಆಚೀಚೆಯಿಲ್ಲ. ಅಷ್ಟು ಚೆಂದದ ಕೆಲಸವನ್ನು ಪತ್ತೇದಾರ ಜನ್ಮದಲ್ಲಿ ನೋಡಿರಲಿಲ್ಲ.

ಮೇಷ್ಟ್ರು ಪೆನ್ಸಿಲುಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಒಂದು ಕೆಳಗೆ ಬಿತ್ತು. ಎತ್ತಿಕೊಡಲು ಅವನು ಬಗ್ಗಲಿಲ್ಲ.

“ಯಾರು, ತಮ್ಮನಾ? ಬಾ, ಕೂತ್ಕೋ.”

“ನಿಂತೇ ಇರ್ತೀನಿ ಮೇಷ್ಟ್ರೇ. ಒಂದು ಮಾತು ಕೇಳಿ ಹೋಗ್ತೀನಿ. ಯಂತ್ರದ ನೆನಪು ಎಲ್ಲಿರುತ್ತೆ?”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. “ಇದೇನು ಪ್ರಶ್ನೆ? ಉಂಗುರದಲ್ಲಿ.”

“ಡ್ರಮ್ಮಲ್ಲಿ?”

“ಡ್ರಮ್ಮು ಉಗ್ರಾಣ. ಅದು ನೆನಪಲ್ಲ. ನಾನು ಏನು ಇಡು ಅಂತೀನೋ ಅದನ್ನಷ್ಟೇ ಇಟ್ಟುಕೊಳ್ಳುತ್ತೆ.”

“ಹದಿನಾಲ್ಕು ವರ್ಷದಿಂದ ನೀವು ಹಾಗೇ ಕಲಿಸಿದ್ರಿ. ಅಕ್ಕನ ಪದ್ಧತಿಯಲ್ಲಿ ಹಾಗಲ್ಲ ಅಂತ ಅವಳು ಏಳು ವರ್ಷ ಹೇಳಿದ್ಲು. ನೀವು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡಿದ್ರೆ, ಕೆಂಪು ಗುಂಡಿ ಒತ್ತಿ ಪತ್ರ ಹೋಯ್ತು ಅಂದುಕೊಳ್ತಿರಲಿಲ್ಲ.”

ಮೇಷ್ಟ್ರ ಕೈಯಲ್ಲಿದ್ದ ಡಬ್ಬಿ ಜಾರಿತು. ಬಣ್ಣದ ಪೆನ್ಸಿಲುಗಳು ನೆಲದ ತುಂಬ ಉರುಳಾಡಿದವು. ಅವರು ಅವುಗಳನ್ನೇ ನೋಡುತ್ತ ನಿಂತರು.

“ಉಳಿದಿದೆಯಾ?”

“ಎರಡು ಪುಟ.”

“ಓದಿದೆಯಾ?”

“ಓದಿದೆ.”

ಮೇಷ್ಟ್ರು ಕುರ್ಚಿಯ ಮೇಲೆ ಕುಸಿದು ಕೂತರು. ಅರವತ್ತಕ್ಕೆ ಹತ್ತಿರವಾದ ಮನುಷ್ಯ ಒಂದೇ ನಿಮಿಷದಲ್ಲಿ ತೊಂಬತ್ತು ದಾಟಿದಂತೆ ಕಂಡರು.

“ಅವಳನ್ನ ತಳ್ಳಿದಿರಾ?” ಪತ್ತೇದಾರನ ಧ್ವನಿ ಅವನಿಗೇ ಗುರುತು ಸಿಗಲಿಲ್ಲ.

“ಇಲ್ಲಪ್ಪ! ಮಗಳು ಕಣೋ ಅವಳು ನನಗೆ! ಐದು ಗಂಟೆಗೆ ಬನ್ನಿ, ಏನೋ ಹೇಳಬೇಕು ಅಂದಿದ್ಲು. ನಾನು ಬೇಗ ಬಂದೆ, ಮುಂದಿನ ಬಾಗಿಲಿಂದ. ಕುರ್ಚಿ ಖಾಲಿ. ಪರದೆ ಉರೀತಿತ್ತು, ಮೊದಲ ಪುಟಕ್ಕೆ ತಿರುಗಿಸಿದ್ರೆ ‘ಮೇಷ್ಟ್ರು’ ಅಂತ ಕಾಣಿಸ್ತು. ಕೂತೆ. ಓದಿದೆ.”

“ಕೆಳಗೆ ಜನ ಕೂಗ್ತಿದ್ರು.”

“ಕೇಳಿಸ್ತು.” ಮೇಷ್ಟ್ರು ಮುಖ ಮುಚ್ಚಿಕೊಂಡರು. “ಕೇಳಿಸ್ತು ಕಣೋ. ಯಾರಿಗೋ ಏನೋ ಆಗಿದೆ ಅಂತಾನೂ ಗೊತ್ತಾಯ್ತು. ಆದರೂ ಏಳಲಿಲ್ಲ. ನನ್ನ ಗೆಲುವು ಭಿಕ್ಷೆ ಅಂತ ಓದ್ತಿದ್ದೆನಲ್ಲ, ಏಳೋಕಾಗಲಿಲ್ಲ. ಅವಳು ಕೆಳಗೆ ಉಸಿರು ಎಳೀತಾ ಇದ್ಲು. ನಾನು ಇಲ್ಲಿ ನನ್ನ ಬಗ್ಗೆ ಬರೆದದ್ದನ್ನ ಓದ್ತಾ ಇದ್ದೆ. ಆಮೇಲೆ ಸೊನ್ನೆ ಮಾಡಿದೆ. ಸ್ವಿಚ್ ಆರಿಸಿದೆ. ಇಳಿದು ಬಂದು ನೋಡಿದ್ರೆ...”

ಬಿದ್ದಮೇಲೂ ಅವಳು ಇಪ್ಪತ್ತು ನಿಮಿಷ ಬದುಕಿದ್ದಳೆಂದು ಡಾಕ್ಟರು ಹೇಳಿದ್ದರು. ಪತ್ತೇದಾರನಿಗೆ ಮುದುಕನ ಕೊರಳಪಟ್ಟಿ ಹಿಡಿದು ಅಲುಗಾಡಿಸಬೇಕೆನಿಸಿತು; ಅದೇ ಕ್ಷಣ ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಗೋಡೆಯ ನಕ್ಷೆ ನೋಡಿದ.

“ನಾನು ಅವಳನ್ನ ಹಂಗಿಸ್ತಿದ್ದೆ,” ಎಂದರು ಮೇಷ್ಟ್ರು, ಯಾರಿಗೋ ಹೇಳುವಂತೆ. “ಮುಂದೆ ಏನು ಬೇಕಾಗುತ್ತೆ ಅಂತ ನಿನ್ನ ಯಂತ್ರಕ್ಕೆ ಹೇಗೆ ಗೊತ್ತಮ್ಮ ಅಂತ. ಮುಂದಿನದು ಗೊತ್ತಿಲ್ಲ ಮೇಷ್ಟ್ರೇ, ಹಿಂದಿನದನ್ನ ಮರೆಯಲ್ಲ, ಅಷ್ಟು ಸಾಕು ಅನ್ನೋಳು. ನಲವತ್ತೆಂಟು ಪುಟ ಕೊಟ್ಟು ಓಡಿಸು ಅಂತ ಮೊನ್ನೆ ಮೆಕ್ಯಾನಿಕ್ಕನಿಗೆ ಹೇಳಿದೆ. ಎಷ್ಟು ಹೊತ್ತು ತಗೊಂಡಿತು ಗೊತ್ತಾ ನನ್ನ ಸೇತುವೆ? ಮೂವತ್ತೊಂದು ನಿಮಿಷ. ನನಗಿಂತ ಒಂಬತ್ತು ನಿಮಿಷ ಕಡಿಮೆ.”

ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

“ಮೂರನೇ ಪುಟ,” ಎಂದ ಪತ್ತೇದಾರ. “ಓದಿದ್ದು ನೀವೊಬ್ಬರೇ. ಏನಿತ್ತು?”

ಹತ್ತು ಸಾವಿರ ಅಂಕಿಯ ಲೆಕ್ಕವನ್ನು ತಲೆಯಲ್ಲೇ ತುಂಡು ಮಾಡಿ ಇಟ್ಟುಕೊಳ್ಳುತ್ತಿದ್ದ ಮನುಷ್ಯ ಅವರು. ಕಣ್ಣು ಮುಚ್ಚಿದರು. ಅಕ್ಷರ ಕಣ್ಣಿಗೆ ಕಟ್ಟಿದ ಹಾಗೆ, ತಡವರಿಸದೆ ಹೇಳಿದರು.

“‘...ನಿನಗೆ ಎರಡು ಗಂಟೆಗೆ ಆಫೀಸಿಗೆ ಫೋನ್ ಮಾಡಿದೆ. ನೀನಿರಲಿಲ್ಲ. ಎತ್ತಿದವರಿಗೇ ಎಲ್ಲ ಹೇಳಿಬಿಟ್ಟೆ, ಆದೇಶದ ತಾರೀಖನ್ನೂ, ನಿನಗೆ ಪತ್ರ ಬರೆಯುತ್ತಿರುವುದನ್ನೂ. ಮನಸ್ಸು ಹಗುರವಾಯಿತು. ನಿನ್ನ ಕುರ್ಚಿಯಲ್ಲಿ ಯಾರು ಕೂತಿದ್ದರೆಂದು ಹೇಳಿದರೆ ನೀನು ನಗುತ್ತೀಯ, ಬಂದಾಗ ಹೇಳುತ್ತೇನೆ. ನಾಲ್ಕೂವರೆಗೆ ಹಿಂದಿನ ಮೆಟ್ಟಿಲ ಹತ್ತಿರ ಬರುತ್ತೇನೆ, ಅಲ್ಲಿಯವರೆಗೆ ಯಾರ ಹತ್ತಿರವೂ ಬಾಯಿ ಬಿಡಬೇಡ ಎಂದಿದ್ದಾರೆ. ಮಾತಾಡಿಕೊಂಡು ಬಂದು ಉಳಿದದ್ದು ಬರೆಯುತ್ತೇನೆ.’ ಅಲ್ಲಿಗೆ ನಿಂತಿತ್ತು.”

ಪತ್ತೇದಾರ ಜೇಬಿನಿಂದ ಎಕ್ಸ್‌ಚೇಂಜಿನ ಚೀಟಿ ತೆಗೆದ.

ಅವಧಿ, ನಾಲ್ಕು ನಿಮಿಷ.

ಹನ್ನೆರಡು ವರ್ಷದಿಂದ ಇಂಥ ಚೀಟಿಗಳನ್ನು ನೋಡಿ ಜನರ ಸುಳ್ಳು ಹಿಡಿದವನು ಅವನು. ಎತ್ತದ ಕರೆಗೆ ಎಕ್ಸ್‌ಚೇಂಜಿನವರು ಚೀಟಿ ಬರೆಯುವುದೇ ಇಲ್ಲ. ಅವಧಿ ಹಾಕುವುದಂತೂ ದೂರದ ಮಾತು. ಬೇರೆ ಯಾರ ಅಕ್ಕನಾಗಿದ್ದರೂ ಮೊದಲ ದಿನವೇ ಅವನಿಗೆ ಹೊಳೆಯುತ್ತಿತ್ತು. ತನ್ನ ಅಕ್ಕನಾದ್ದರಿಂದ ಒಂಬತ್ತು ದಿನ ಗಂಟೆ ಬಾರಿಸುವುದನ್ನೇ ಕೇಳಿಸಿಕೊಳ್ಳುತ್ತ ಕೂತಿದ್ದ. ಅಲ್ಲಿ ಗಂಟೆ ಬಾರಿಸಲೇ ಇಲ್ಲ. ನಾಲ್ಕು ನಿಮಿಷ ಅವಳು ಮಾತಾಡಿದ್ದಳು.

ಬೀಗ ಹಾಕಿದ ಕೋಣೆಯಲ್ಲಿ, ಅವನ ಕುರ್ಚಿಯಲ್ಲಿ ಕೂತು, ಯಾರೊಡನೆ?

ಆಗ ಡ್ರಮ್ ನಿಂತಿತು.

ಮೊದಲು ಗುಂಯ್ ಎನ್ನುವ ಸದ್ದು ಇಳಿಯಿತು, ಆಮೇಲೆ ಕಿಟಕಿಯ ಗಾಜಿನ ಅದುರು ನಿಂತಿತು. ಹದಿನಾಲ್ಕು ವರ್ಷ ಕಟ್ಟಡದೊಳಗೆ ತುಂಬಿಕೊಂಡಿದ್ದ ಸದ್ದು ಹೋದಮೇಲೆ ಮೇಷ್ಟ್ರ ಬಿಕ್ಕು ಮಾತ್ರ ಕೇಳಿಸಿತು. ಐದು ಗಂಟೆ. ಪತ್ತೇದಾರ ಮಾವನ ಕಾಗದಗಳನ್ನು ಮಡಿಸಿ ಅಂಗಿಯೊಳಗೆ, ಎದೆಗೆ ಒತ್ತಿ ಇಟ್ಟುಕೊಂಡ. ನೆಲಕ್ಕೆ ಬಗ್ಗಿ ಪೆನ್ಸಿಲುಗಳನ್ನು ಒಂದೊಂದಾಗಿ ಆಯ್ದು, ಡಬ್ಬಿಗೆ ತುಂಬಿ, ಮೇಷ್ಟ್ರ ಮುಂದೆ ಇಟ್ಟು ಹೊರಬಂದ.

ಹಿಂಬದಿಯ ಬಾಗಿಲು ತೆರೆದಿತ್ತು. ಕಬ್ಬಿಣದ ಮೆಟ್ಟಿಲಿಗೆ ಪೊಲೀಸರು ಅಡ್ಡ ಕಟ್ಟಿದ್ದ ಹಗ್ಗ ಹಾಗೇ ಇತ್ತು. ಅದರ ಪಕ್ಕದಲ್ಲಿ ಅಕ್ಕನ ಗಂಡ, ಭಾವ ನಿಂತಿದ್ದರು, ಅಕ್ಕನ ಕೈಚೀಲವನ್ನು ಎದೆಗವಚಿಕೊಂಡು. ಸಮಿತಿಯ ಕಾರ್ಯದರ್ಶಿಯಾದ್ದರಿಂದ ಒಳಗೆ ಬರುವುದು ಸರಿಯಲ್ಲವೆಂದು ಮಧ್ಯಾಹ್ನದಿಂದ ಕೆಳಗಿನ ಬೆಂಚಿನ ಮೇಲೆ ಕಾದು, ಈಗಷ್ಟೇ ಮೇಲೆ ಬಂದಿದ್ದರು ಪಾಪ. ಅಕ್ಕ ಸತ್ತ ದಿನ ಸಮಿತಿಯ ಕೆಲಸಕ್ಕೆ ಪರವೂರಿಗೆ ಹೋಗಿದ್ದವರು, ಬಂದಾಗಿನಿಂದ ಭಾವಮೈದುನನ ಬೆನ್ನು ಸವರಿ, ಎದುರು ಕೂತು ಉಣ್ಣಿಸಿ, ಅವನಿಗಾಗಿ ತಮ್ಮ ಅಳುವನ್ನೇ ನುಂಗಿಕೊಂಡಿದ್ದರು.

“ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು,” ಎಂದರು ಭಾವ. ಕಣ್ಣು ಕೆಂಪಾಗಿತ್ತು. “ಸಿಕ್ತಾ ಏನಾದ್ರೂ?”

ಇರುವುದನ್ನೆಲ್ಲ ಅವರ ಹೆಗಲಿಗೆ ತಲೆಕೊಟ್ಟು ಹೇಳಿಬಿಡಬೇಕೆನಿಸಿತು. ಆದರೆ ಹನ್ನೆರಡು ವರ್ಷದ ಅಭ್ಯಾಸ. ಬಾಯಿ ತಾನಾಗಿ ಸುಳ್ಳು ಹೇಳಿತು.

“ಏನೂ ಇಲ್ಲ ಭಾವ. ಎಲ್ಲ ಅಳಿಸಿಹೋಗಿದೆ.”

ಭಾವ ಉದ್ದಕ್ಕೆ ಉಸಿರುಬಿಟ್ಟರು. ಕೈಚೀಲದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದರು.

“ಅಯ್ಯೋ. ಹನ್ನೆರಡು ಅನ್ನೋ ಒಂದು ಅಂಕಿ ಎಷ್ಟೆಲ್ಲಾ ಮಾಡ್ತು ನೋಡು.”

ಪತ್ತೇದಾರ ತಲೆ ಎತ್ತಿ ಅವರ ಮುಖ ನೋಡಿದ.

ಅಕ್ಕ ಪತ್ರ ಬರೆದಿದ್ದಳಂತೆ, ಉಳಿದಿದೆಯೋ ಏನೋ ನೋಡಿ ಬರುತ್ತೇನೆ. ಭಾವನಿಗೆ ಅವನು ಹೇಳಿದ್ದು ಅಷ್ಟೇ. ಹನ್ನೆರಡರ ವಿಷಯ ಅವನಿಗೇ ತಿಳಿದು ಇನ್ನೂ ಎರಡು ಗಂಟೆ ಆಗಿರಲಿಲ್ಲ. ಮನೆಯಲ್ಲಿ ಒಂದು ಚೂರು ಕಾಗದ ಎಂದು ಬರೆದಿದ್ದಳು ಅಕ್ಕ. ಆ ಮನೆಯ ಅಡುಗೆಮನೆ, ಬಾಗಿಲು, ಬಾಗಿಲ ಹಿಂದಿನ ಮೊಳೆ, ಮೊಳೆಯಲ್ಲಿ ತನ್ನ ಆಫೀಸಿನ ಕೀಲಿ, ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು. ಒಂಬತ್ತು ದಿನದಿಂದ ಅವನು ಉಂಡದ್ದು, ಮಲಗಿದ್ದು, ಅತ್ತದ್ದು ಅದೇ ಮನೆಯಲ್ಲಿ.

“ಮುಂದಿನ ಬಾಗಿಲ ತುಂಬ ಡ್ರಮ್ ಇಳಿಸೋರು ನಿಂತಿದ್ದಾರೆ,” ಎಂದು ಭಾವ ಕಬ್ಬಿಣದ ಮೆಟ್ಟಿಲಿಗೆ ಕಟ್ಟಿದ್ದ ಹಗ್ಗವನ್ನು ಎತ್ತಿ ಹಿಡಿದರು. “ಈ ಕಡೆಯಿಂದಲೇ ಇಳಿಯೋಣ ಬಾ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ.”